ಕಡಲ ಮುಂದೆ ಈಜುಟೋಪಿ

ತೈವಾನಿನಲ್ಲಿ ಈಜುಕೊಳಕ್ಕೆ ಇಳಿಯಬೇಕಾದರೆ ತಲೆಗೆ ಟೋಪಿ ಬೇಕೇ ಬೇಕು. ತಲೆಯಲ್ಲಿ ಕೂದಲಿದೆಯೋ ಇಲ್ಲವೋ ಅದು ಬೇರೆ ಮಾತು. ನಮ್ಮ ಮನೆಯವರದು ಪೂರ್ತಿ ಬೋಳು ತಲೆ. ಅವರೂ ಹೋಟೆಲಿನ ಅಂಗಡಿಯಲ್ಲಿ ನೀಲಿ ಬಣ್ಣದ ಟೋಪಿ ಕೊಂಡು, ಅದನ್ನು ಎಳೆದೂ ಎಳೆದೂ ಕಿವಿಯವರೆಗೆ ತಂದುಕೊಂಡರು. ಇಲ್ಲದಿದ್ದರೆ ಕಾವಲಿನ ಹುಡುಗ ಸೀಟಿ ಊದುತ್ತಾನೆ. ಅತ್ತೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತು ಇದನ್ನೆಲ್ಲ ನೋಡುತ್ತಿದ್ದರು. "ಇದೆಂತ ಮಾರಾಯ್ತಿ, ಅವನ ತಲೆಯಿಂದ ನೀರಿಗೆ ಉದುರುವುದಕ್ಕೆ ಎಂತ ಉಂಟು?" ಎಂದರು.

ನಿಯಮ ನಿಯಮವೇ, ಒಪ್ಪಿಕೊಳ್ಳೋಣ. ಆದರೆ ಆ ಕೊಳದ ಅಂಚಿನಿಂದ ಆಚೆ ನಾಲ್ಕು ಹೆಜ್ಜೆ ಹಾಕಿದರೆ ಮರಳು. ಮರಳು ಮುಗಿದಲ್ಲಿ ಸಮುದ್ರ. ಅಲ್ಲಿ ಯಾರಿಗೂ ಟೋಪಿ ಬೇಡ. ಅಲ್ಲಿ ಯಾರೂ ಇಲ್ಲ.

ಯಾರೂ ಇಲ್ಲ ಎಂದರೆ ಸ್ವಲ್ಪ ಜಾಸ್ತಿಯಾದೀತು. ಲೈಫ್ ಜಾಕೆಟ್ ಬಿಗಿದುಕೊಂಡು, ಬಾಳೆಹಣ್ಣಿನ ಆಕಾರದ ಗಾಳಿ ದೋಣಿಯಲ್ಲಿ ಕಿರುಚಿಕೊಂಡು ಹೋಗುವ ಕಾಲೇಜು ಹುಡುಗರಿದ್ದರು. ಉಳಿದವರೆಲ್ಲ ಟೋಪಿ ಹಾಕಿಕೊಂಡು ಕೊಳದೊಳಗೇ ಇದ್ದರು. ಇಲ್ಲವೇ ಕೊಡೆ ಹಿಡಿದುಕೊಂಡು ಕಟ್ಟೆಯ ಮೇಲೆ ನಿಂತು ಸಮುದ್ರದ ಫೋಟೋ ತೆಗೆಯುತ್ತಿದ್ದರು.

ಊರು ಕೆಂಟಿಂಗ್. ತೈವಾನಿನ ದಕ್ಷಿಣದ ತುದಿ. ನಾವಿರುವುದು ಚಿಪ್ ಕಾರ್ಖಾನೆಗಳ ಊರಾದ ಶಿಂಚುವಿನಲ್ಲಿ. ಅಲ್ಲಿಂದ ಬುಲೆಟ್ ರೈಲು ಕಾವೊಸ್ಯುಂಗಿನ ಜುವೊಯಿಂಗ್ ನಿಲ್ದಾಣದವರೆಗೆ ಸುಯ್ಯೆಂದು ತಂದುಬಿಡುತ್ತದೆ. ಆಮೇಲೆ ಎರಡು ಗಂಟೆಗೂ ಜಾಸ್ತಿ ಬಸ್ಸು. ಬಲಗಡೆ ಸಮುದ್ರ ಕಾಣತೊಡಗಿದ ಮೇಲೆ ಅತ್ತೆ ನಿದ್ದೆ ಬಿಟ್ಟರು. ಕೆಂಟಿಂಗಿಗೆ ಸ್ವಲ್ಪ ಮೊದಲು ನಾನ್‌ವಾನ್ ಎಂಬ ಚಂದದ ಕಡಲತೀರ. ಅದರ ಪಕ್ಕದಲ್ಲೇ ಅಣುಸ್ಥಾವರದ ಎರಡು ದೊಡ್ಡ ಗುಮ್ಮಟ. 2025ರ ಮೇ 17ರಂದು ಅದರ ಕೊನೆಯ ಘಟಕವನ್ನೂ ನಿಲ್ಲಿಸಿದರು. ಅಷ್ಟು ವರ್ಷ ಜನ ಅದರ ಬುಡದಲ್ಲೇ ಸರ್ಫಿಂಗ್ ಮಾಡಿಕೊಂಡಿದ್ದರು ಎಂದರೆ ಅತ್ತೆಗೆ ನಂಬಿಕೆಯೇ ಬರಲಿಲ್ಲ. ಅವರ ಊರು ಹೊನ್ನಾವರದಿಂದ ಕೈಗಾ ಅಷ್ಟೇನೂ ದೂರವಲ್ಲ ನೋಡಿ, ಅವರಿಗೆ ಅಂಥ ಗುಮ್ಮಟದ ಪರಿಚಯ ಚೆನ್ನಾಗಿಯೇ ಇದೆ.

ಹೋಟೆಲ್ ಎಂದರೆ ಹೋಟೆಲ್ ಅಲ್ಲ, ಒಂದು ಸಣ್ಣ ಪೇಟೆ. ಮಕ್ಕಳಿಗೆ ಜಾರುಬಂಡಿ, ದೊಡ್ಡವರಿಗೆ ಹಾಡುವ ಕೋಣೆ, ಹಿರಿಯರಿಗೆ ಮಜಾಂಗ್ ಆಟದ ಮೇಜು, ಅಂಗಡಿ, ಮೂರು ಬಗೆಯ ಊಟದ ಮನೆ. ಕೋಣೆಗಳಲ್ಲಿ ಎರಡು ಜಾತಿ. ಸಮುದ್ರದ ಕಡೆಯದು, ಬೆಟ್ಟದ ಕಡೆಯದು. ಸಮುದ್ರ ದುಬಾರಿ, ಬೆಟ್ಟ ಅಗ್ಗ. ಪಾಪ, ಬೆಟ್ಟವೇನೂ ಕಳಪೆಯಲ್ಲ. ದಾಜ್ಯೆನ್‌ಶಾನ್ ಅಂತ ಹೆಸರು, 318 ಮೀಟರ್ ಎತ್ತರ, ಹಸಿರು ಹುಲ್ಲಿನ ಮೇಲೆ ಚೂಪಾಗಿ ಎದ್ದು ನಿಂತಿದೆ. ಆದರೂ ಸಮುದ್ರದ ಕಡೆಯ ಕೋಣೆಗೇ ಜನ ಮುಗಿಬೀಳುತ್ತಾರೆ. ನಾವೂ ಅದನ್ನೇ ತಗೊಂಡೆವು. ಹೋಗಿ ನೋಡಿದರೆ ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಒದ್ದೆ ಟೋಪಿ, ಒದ್ದೆ ಟವೆಲ್ ಬಿಟ್ಟರೆ ಮನುಷ್ಯರಿಲ್ಲ. ಹಗಲು ಬಿಸಿಲು ಅಂತ ಪರದೆ ಎಳೆದಿರುತ್ತಾರೆ. ರಾತ್ರಿ ಸಮುದ್ರ ಕಾಣುವುದಿಲ್ಲ.

ನಾವು ಹೋದದ್ದು ಚಾಂದ್ರಮಾನದ ಏಳನೇ ತಿಂಗಳಲ್ಲಿ. ಇಲ್ಲಿಯವರಿಗೆ ಅದು ದೆವ್ವಗಳ ತಿಂಗಳು. ಹಸಿದ ಪ್ರೇತಗಳನ್ನು ಆ ತಿಂಗಳು ಹೊರಗೆ ಬಿಟ್ಟಿರುತ್ತಾರಂತೆ. ನಮ್ಮ ಮಹಾಲಯದ ಪಕ್ಷಕ್ಕೂ ಸ್ವಲ್ಪ ಮುಂಚೆ ಬೀಳುತ್ತದೆ. ನೀರಲ್ಲಿ ಮುಳುಗಿ ಸತ್ತವರು ಕಾಲು ಹಿಡಿದು ಎಳೆಯುತ್ತಾರೆ ಎಂಬ ಭಯಕ್ಕೆ ಸಮುದ್ರ, ಹೊಳೆ ಎರಡೂ ಬೇಡ. ಹೋಟೆಲ್ ಕೋಣೆಗೆ ಹೋಗುವಾಗಲಂತೂ ಯಾವ ತಿಂಗಳಾದರೂ ಬಾಗಿಲು ತಟ್ಟಿಯೇ ಒಳಗೆ ಹೋಗುವವರು ತುಂಬ ಜನ. ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದೇ ತಟ್ಟುತ್ತಾರೆ. ಇದ್ದರೆ ಅವರು ಜಾಗ ಮಾಡಿಕೊಡಲಿ ಅಂತ. ನಮ್ಮ ಸಾಲಿನಲ್ಲಿ ಒಂದು ಕುಟುಂಬದ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಬಾಗಿಲ ಮುಂದೆ ನಿಂತಿದ್ದರು. ಅಪ್ಪ ತಟ್ಟಿದರು. ನಾಲ್ವರೂ ಒಂದು ಕ್ಷಣ ಕಾದರು. ಅಷ್ಟು ಮರ್ಯಾದೆ ನಮ್ಮ ಕೋಣೆಗೆ ಬರುವ ಯಾವ ನೆಂಟರೂ ಕೊಟ್ಟದ್ದಿಲ್ಲ.

ಹುಣ್ಣಿಮೆ ಹತ್ತಿರ ಬಂದಿತ್ತಲ್ಲ, ಹೋಟೆಲಿನವರು ಮುಂಬಾಗಿಲ ಹೊರಗೆ ಉದ್ದಕ್ಕೆ ಮೇಜು ಜೋಡಿಸಿ ಎಡೆ ಇಟ್ಟಿದ್ದರು. ಹಣ್ಣು, ಬಿಸ್ಕತ್ತು, ಬಿಯರ್ ಡಬ್ಬಿ, ನೂಡಲ್ಸ್ ಪೊಟ್ಟಣ. ಒಂದೊಂದಕ್ಕೂ ಒಂದೊಂದು ಊದುಬತ್ತಿ ಚುಚ್ಚಿತ್ತು. ಕುವಾಯ್ ಕುವಾಯ್ ಎಂಬ ಕುರುಕುಲಿನ ಹಸಿರು ಪೊಟ್ಟಣವೂ ಇತ್ತು. ಅದನ್ನು ಕಂಡು ಮನೆಯವರು ಹಳೇ ಗೆಳೆಯ ಸಿಕ್ಕಿದ ಖುಷಿಪಟ್ಟರು. ಅವರ ಫ್ಯಾಕ್ಟರಿಯಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನೆತ್ತಿಯ ಮೇಲೆ ಅದೇ ಹಸಿರು ಪೊಟ್ಟಣ ಇಡುತ್ತಾರೆ, ಯಂತ್ರ ಹಠ ಮಾಡದಿರಲಿ ಅಂತ. ಹಸಿರೇ ಆಗಬೇಕು, ಬೇರೆ ಬಣ್ಣದ್ದು ನಡೆಯುವುದಿಲ್ಲ.

ನನ್ನ ಕಣ್ಣು ಹೋದದ್ದು ಮೇಜಿನ ಕೊನೆಗೆ. ಅಲ್ಲಿ ಒಂದು ತಟ್ಟೆ ಬೋಗುಣಿಯಲ್ಲಿ ನೀರು, ಮಡಿಸಿದ ಹೊಸ ಟವೆಲ್ಲು, ಬಾಚಣಿಗೆ, ಹಲ್ಲುಜ್ಜುವ ಬ್ರಷ್. ದೂರದಿಂದ ಬಂದ ಪ್ರೇತಗಳು ಊಟಕ್ಕೆ ಮೊದಲು ಕೈಕಾಲು ಮುಖ ತೊಳೆದುಕೊಳ್ಳಲಿ ಅಂತ. ಸರಿ, ಒಳ್ಳೆಯದೇ. ಆದರೆ ನಮ್ಮ ಕೋಣೆಯಲ್ಲಿ ಬ್ರಷ್ ಇರಲಿಲ್ಲ! 2025ರ ಜನವರಿ 1ರಿಂದ ಹೋಟೆಲಿನವರು ಬಳಸಿ ಬಿಸಾಡುವ ಬ್ರಷ್, ಬಾಚಣಿಗೆ, ರೇಜರ್‌ಗಳನ್ನು ಕೋಣೆಯಲ್ಲಿ ಇಡಬಾರದು ಎಂದು ಸರ್ಕಾರ ನಿಯಮ ಮಾಡಿದೆ. ಪುಟ್ಟ ಪುಟ್ಟ ಶಾಂಪೂ ಬಾಟಲಿಗಳೂ ಹೋದವು. ಪ್ಲಾಸ್ಟಿಕ್ ಕಸ ಕಡಿಮೆಯಾಗಲಿ ಅಂತ. ಬೇಕಿದ್ದರೆ ಕೌಂಟರಿಗೆ ಹೋಗಿ ಕೇಳಿ ತಗೋಬೇಕು. ಪ್ರೇತಗಳಿಗೆ ಆ ತೊಂದರೆಯಿಲ್ಲ.

ಸಮುದ್ರಕ್ಕೆ ಇಳಿಯದಿರಲು ದೆವ್ವಗಳೊಂದೇ ಕಾರಣ ಎಂದರೆ ಅನ್ಯಾಯವಾದೀತು. ಶಿಂಚುವಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಬೇರೆಯೇ ಕತೆ ಹೇಳುತ್ತಾರೆ. 1949ರಿಂದ 1987ರವರೆಗೆ ತೈವಾನಿನಲ್ಲಿ ಸೈನಿಕ ಕಾನೂನಿತ್ತು. ಆಚೆ ದಡದಲ್ಲಿ ಚೀನಾ. ಕರಾವಳಿಯ ಬಹುಪಾಲು ಸೈನ್ಯದ ಕಾವಲಿನಲ್ಲಿತ್ತು. ಸುಮ್ನೆ ಗಾಳಿಗೆ ಅಂತ ದಡಕ್ಕೆ ಹೋಗುವ ಹಾಗಿರಲಿಲ್ಲ. ಸುತ್ತಲೂ ನೀರಿರುವ ನಾಡಿನಲ್ಲಿ ಒಂದಿಡೀ ತಲೆಮಾರು ನೀರಿಗೆ ಬೆನ್ನು ಹಾಕಿ ಬೆಳೆಯಿತು. ಅವರು ತಮ್ಮ ಮಕ್ಕಳಿಗೆ ಹೇಳಿದ್ದೂ ಅದನ್ನೇ, ಸಮುದ್ರದ ಹತ್ತಿರ ಹೋಗಬೇಡ ಅಂತ. ಕಾವಲು ಹೋಯಿತು, ಮಾತು ಉಳಿಯಿತು. ದೆವ್ವಕ್ಕಿಂತ ಈ ಕಾರಣ ನನಗೆ ಗಟ್ಟಿ ಅನಿಸುತ್ತದೆ. ಜೊತೆಗೆ ಬಿಸಿಲಿಗೆ ಕಪ್ಪಾಗುವ ಹೆದರಿಕೆ. ಕೈಗೆ ತೋಳುಗವಸು, ಮುಖಕ್ಕೆ ಮುಸುಕು, ಮೇಲೊಂದು ಕೊಡೆ. ಅದರಲ್ಲಿ ನಾವೇನು ಕಡಿಮೆ, ಅಲ್ವಾ?

ಚಳಿಗಾಲದಲ್ಲಿ ಗಾಳಿಯೇ ಯಾರನ್ನೂ ಬಿಡುವುದಿಲ್ಲ. ಅಕ್ಟೋಬರಿನಿಂದ ಹೆಚ್ಚುಕಡಿಮೆ ಏಪ್ರಿಲ್‌ವರೆಗೆ ಈಶಾನ್ಯದ ಗಾಳಿ ಬೆಟ್ಟಸಾಲಿನ ತಗ್ಗಿದ ಬಾಲ ಹತ್ತಿ, ಈಚೆ ಕೆಂಟಿಂಗ್ ಪಕ್ಕದ ಹೆಂಗ್‌ಚುನ್ ಊರಿನ ಕಡೆಗೆ ಧುಮುಕುತ್ತದೆ. ಲುವೊಶಾನ್ ಗಾಳಿ ಅಂತಾರೆ. ನಿಲ್ಲಿಸಿದ ಸ್ಕೂಟರನ್ನು ಮಲಗಿಸಿ ಹೋಗುತ್ತದಂತೆ. ಈ ಗಾಳಿಯಿಂದ ಲಾಭ ಆದದ್ದು ಈರುಳ್ಳಿಗೆ. ಗಾಳಿ ಎಲೆಗಳನ್ನು ನೆಲಕ್ಕೆ ಬಡಿಯುವುದರಿಂದ ಕಸುವೆಲ್ಲ ಗೆಡ್ಡೆಗೆ ಇಳಿಯುತ್ತದೆ ಎನ್ನುತ್ತಾರೆ ಅಲ್ಲಿನ ರೈತರು. ಹೆಂಗ್‌ಚುನ್ ಈರುಳ್ಳಿಗೆ ತೈವಾನಿನಲ್ಲಿ ದೊಡ್ಡ ಹೆಸರು.

ಅತ್ತೆ ಈರುಳ್ಳಿ ತಿನ್ನುವುದಿಲ್ಲ. ಬೆಳ್ಳುಳ್ಳಿಯನ್ನು ಅವರ ಮುಂದೆ ಹೆಸರಿಸುವುದೂ ಬೇಡ.

ಹಾಗಾಗಿ ಬೆಳಗಿನ ತಿಂಡಿಯ ಬಗ್ಗೆ ನನಗೆ ಅಳುಕಿತ್ತು. ಇಂಥ ಹೋಟೆಲುಗಳಲ್ಲಿ ಜನ ನಿಜವಾಗಿ ಬರುವುದು ಸಮುದ್ರಕ್ಕಲ್ಲ, ತಿಂಡಿಗೆ. ಬಾಗಿಲು ತೆಗೆಯುವ ಮೊದಲೇ ಚೀಟಿ ಹಿಡಿದು ಸಾಲು. ತೆಗೆದ ಮೇಲೆ ಮದುವೆಮನೆಯ ಎರಡನೇ ಪಂಕ್ತಿಯ ನುಗ್ಗಾಟ. ಒಂದು ಕಡೆ ದೊಡ್ಡ ಪಾತ್ರೆಯಲ್ಲಿ ಬಿಳಿ ಗಂಜಿ. ಅದರ ಸುತ್ತ ಪುಟ್ಟ ಬಟ್ಟಲುಗಳಲ್ಲಿ ಉಪ್ಪಿನಲ್ಲಿ ಹಾಕಿದ ಸೌತೆ, ಹುರಿದ ಕಡಲೆಬೀಜ, ಹುದುಗಿಸಿದ ತೋಫು, ಬೇಯಿಸಿದ ಗೆಣಸಿನ ಸೊಪ್ಪು. ಪಕ್ಕದಲ್ಲಿ ಟೀ ಕಷಾಯದಲ್ಲಿ ಕುದಿಯುತ್ತಿರುವ ಮೊಟ್ಟೆ, ಒಡೆದ ಚಿಪ್ಪಿನ ಗೆರೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಬಿಸಿ ಸೋಯಾ ಹಾಲು, ಅದರಲ್ಲಿ ಅದ್ದಿ ತಿನ್ನಲು ಮೊಳದುದ್ದದ ಕರಿದ ಹಿಟ್ಟಿನ ಕೋಲು. ಹಣ್ಣಿನ ಮೇಜಿನಲ್ಲಿ ಪೇರಲೆ, ಕಲ್ಲಂಗಡಿ, ಅನಾನಸು. ಕೆಂಟಿಂಗ್ ಇರುವ ಪಿಂಗ್‌ಟುಂಗ್ ಜಿಲ್ಲೆಯ ಹೆಮ್ಮೆ ಎಂದರೆ ಜಂಬುಹಣ್ಣು, ಆದರೆ ಅದರ ಕಾಲ ಮುಗಿದಿತ್ತು. ಅತ್ತೆಯ ಹಿತ್ತಿಲಲ್ಲಿ ಉದುರಿ ಹಾಳಾಗುವ ಅದೇ ಹಣ್ಣನ್ನು ಇಲ್ಲಿ ಒಂದೊಂದಕ್ಕೂ ಜಾಳಿಗೆ ತೊಡಿಸಿ ಮಾರುತ್ತಾರೆ.

ಸಸ್ಯಾಹಾರದ ವಿಷಯದಲ್ಲಿ ತೈವಾನಿನವರು ನಮಗಿಂತ ಒಂದು ಕೈ ಮೇಲೆ. ಬೌದ್ಧ ಪದ್ಧತಿಯ ಊಟದ ಮನೆಗಳ ಬೋರ್ಡಿನಲ್ಲಿ ಸ್ವಸ್ತಿಕ ಇರುತ್ತದೆ. ಅಂಗಡಿಯ ಪೊಟ್ಟಣಗಳ ಮೇಲೆ ಯಾವ ಬಗೆಯ ಸಸ್ಯಾಹಾರ ಅಂತ ಬರೆದಿರಬೇಕು. ಅದರಲ್ಲೇ ಐದು ಬಗೆ. ಬರೀ ಸಸ್ಯ, ಹಾಲು ಸೇರಿದ್ದು, ಮೊಟ್ಟೆ ಸೇರಿದ್ದು, ಎರಡೂ ಸೇರಿದ್ದು, ಕೊನೆಗೆ ಈರುಳ್ಳಿ-ಬೆಳ್ಳುಳ್ಳಿ ವರ್ಗದ ಐದು ಘಾಟು ಪದಾರ್ಥ ಸೇರಿದ್ದು. ಶುದ್ಧ ಸಸ್ಯಾಹಾರ ಎಂದರೆ ಆ ಐದೂ ಇರಬಾರದು. ಇಷ್ಟು ಹೇಳಿದಾಗ ಅತ್ತೆಗೆ ಸ್ವರ್ಗ ಸಿಕ್ಕಿತು. "ನಮ್ಮವರೇ ಬಿಡು" ಎಂದರು. ಆ ಐದರ ಪಟ್ಟಿಯಲ್ಲಿ ಇಂಗೂ ಇದೆ ಎಂದು ಮನೆಯವರು ಸುಮ್ನಿರಲಾರದೆ ಹೇಳಿಬಿಟ್ಟರು. ಅತ್ತೆ ಚಮಚ ಕೆಳಗಿಟ್ಟರು. ಹೊನ್ನಾವರದಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಂಗು ತಂದವರು ಅವರು. ಈರುಳ್ಳಿ ಬೇಡ ಅಂತಲೇ ಅಲ್ಲವೇ ನಾವು ಇಂಗು ಹಾಕುವುದು? ಅದನ್ನೂ ಬಿಟ್ಟು ಈ ಸನ್ಯಾಸಿಗಳು ಸಾರಿಗೆ ಎಂತ ಹಾಕುತ್ತಾರೆ? ಆ ಚಿಂತೆ ಅವರನ್ನು ಮಧ್ಯಾಹ್ನದವರೆಗೂ ಬಿಡಲಿಲ್ಲ.

ಸಂಜೆ ಅತ್ತೆಯೂ ನಾನೂ ದಡದ ಮೇಲೆ ನಡೆಯುತ್ತಿದ್ದೆವು. ಕಾಲಿಗೆ ಹೋಟೆಲಿನವರು ಮರಳಿನ ಮೇಲೆ ಓಡಾಡಲೆಂದು ಕೊಟ್ಟ ರಬ್ಬರ್ ಚಪ್ಪಲಿ. ಮರಳಿನ ಅಂಚಿನಲ್ಲಿ ಪೊದೆ ಪೊದೆ ಕೇದಿಗೆ. ಅಲ್ಲೇ ಮೇಲೆ ಹೊಂಗೆ ಮರ. ಅತ್ತೆ ಕೇದಿಗೆಯ ಮುಳ್ಳಿನ ಗರಿ ಮುಟ್ಟಿ ನೋಡಿದರು. ನಮ್ಮಲ್ಲಿ ಕೇದಿಗೆ ಪೊದೆಯಲ್ಲಿ ಹಾವಿರುತ್ತದೆ ಎನ್ನುತ್ತಾರೆ. ತೈವಾನಿನಲ್ಲಿ ಹೆಣ್ಣು ದೆವ್ವ ಇರುತ್ತದೆ ಎನ್ನುತ್ತಾರೆ. ಯಾವುದಿದ್ದರೂ ಕೈ ಹಾಕುವುದು ಬೇಡ ಎಂದೆ.

"ನೀವು ಚಿಕ್ಕವರಿದ್ದಾಗ ಸಮುದ್ರಕ್ಕೆ ಇಳೀತಿದ್ರಾ?" ಎಂದು ಕೇಳಿದೆ. ಇಲ್ಲವಂತೆ. ಮನೆಯಿಂದ ಅಲೆಯ ಸದ್ದು ಕೇಳಿಸುತ್ತಿತ್ತು. ಆದರೆ ಗ್ರಹಣ, ಅಮಾವಾಸ್ಯೆ ಅಂತ ಸಮುದ್ರಸ್ನಾನ ಇದ್ದಾಗ ಮಾತ್ರ ಹಿರಿಯರ ಕೈ ಹಿಡಿದು ಮೂರು ಮುಳುಗು. ಆಮೇಲೆ ಓಡಿ ಬಂದು ಬಾವಿ ನೀರು ಹೊಯ್ದುಕೊಳ್ಳುವುದು. "ಈಜಲಿಕ್ಕೆ ಸಮುದ್ರಕ್ಕೆ ಹೋಗುವವರು ಬೆಂಗಳೂರಿನವರು" ಎಂದರು. ಅಷ್ಟು ಹೊತ್ತು ಕೊಳದಲ್ಲಿ ಟೋಪಿ ಹಾಕಿಕೊಂಡವರನ್ನು ನೋಡಿ ಒಳಗೊಳಗೇ ನಗುತ್ತಿದ್ದ ನಾನು ಮೈಸೂರು ಕಡೆಯವಳು. ಸುಮ್ಮನಾದೆ. ಸಮುದ್ರದ ಬಗ್ಗೆ ಅತಿಯಾಗಿ ಉಕ್ಕುವವರು ಅದನ್ನು ಕಾಣದೆ ಬೆಳೆದವರೇ ಇರಬೇಕು.

ರಾತ್ರಿ ಊಟ ಮುಗಿಸಿ ಬಾಡಿಗೆ ಕಾರಿನಲ್ಲಿ ಒಂದು ಸುತ್ತು ಹೊರಟೆವು. 1883ರಲ್ಲಿ ಮೊದಲು ಬೆಳಗಿದ ಎಲುವಾನ್‌ಬಿ ದೀಪಸ್ತಂಭದ ಕಡೆಗೆ. 26ನೇ ನಂಬರಿನ ಹೆದ್ದಾರಿ ಅಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಹೋಗುತ್ತದೆ. ಒಂದು ಕಡೆ ಬೆಟ್ಟದ ಕಾಡು, ಇನ್ನೊಂದು ಕಡೆ ಹವಳದ ಬಂಡೆ. ನಡುವೆ ಹೊಳೆಯುವ ಅಂಗಿ ತೊಟ್ಟ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದಳು. ಏಡಿ ದಾಟುತ್ತಿವೆ, ಸ್ವಲ್ಪ ಕಾಯಿರಿ ಎಂದಳು.

ಇವು ನೆಲದ ಏಡಿಗಳು. ವರ್ಷವಿಡೀ ಕಾಡಿನಲ್ಲಿ ಬಿಲ ತೋಡಿಕೊಂಡು ಇರುತ್ತವೆ. ಬೇಸಿಗೆಯಿಂದ ಶರತ್ಕಾಲದವರೆಗೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಹೊಟ್ಟೆಯಡಿ ಮೊಟ್ಟೆ ಹೊತ್ತ ತಾಯಂದಿರು ಸಮುದ್ರಕ್ಕೆ ಇಳಿಯುತ್ತವೆ. ಟಾರು ರಸ್ತೆ ಅಡ್ಡ ಬಂದದ್ದರಿಂದ ಎಷ್ಟೋ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. ಹಾಗಾಗಿ ಆ ರಾತ್ರಿಗಳಲ್ಲಿ ಜನ ನಿಂತು ವಾಹನ ತಡೆಯುತ್ತಾರೆ. ನಮ್ಮ ಕಾರಿನ ಮುಂದೆಯೇ ಒಂದು ಬಂತು, ಅಂಗೈ ಅಗಲದ್ದು. ಹೊಟ್ಟೆಯಡಿ ಕಪ್ಪು ಮುದ್ದೆ. ಅಡ್ಡಡ್ಡವಾಗಿ ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಹಿಂದೆ ಏಳೆಂಟು ಕಾರುಗಳು ನಿಂತಿದ್ದವು. ಒಬ್ಬರೂ ಹಾರ್ನ್ ಮಾಡಲಿಲ್ಲ.

ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಈ ಏಡಿಗಳೂ ಸಮುದ್ರದಲ್ಲಿ ಬಹಳ ಹೊತ್ತು ಇರಲಾರವು ಎಂದಳು. ಬಂಡೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು, ಅಲೆ ಬಂದಾಗ ಮೈ ಗಡಗಡ ಅಲ್ಲಾಡಿಸಿ ಮೊಟ್ಟೆಯನ್ನೆಲ್ಲ ನೀರಿಗೆ ಬಿಟ್ಟು, ತಿರುಗಿ ಕಾಡಿಗೆ ಓಡುವುದಂತೆ. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಕಿಟಕಿ ಇಳಿಸಿ, "ನೋಡು, ಅದಕ್ಕೂ ಗೊತ್ತುಂಟು" ಎಂದರು.

ಮರುದಿನ ಬೆಳಗ್ಗೆ ಕೋಣೆ ಬಿಡುವ ಹೊತ್ತಿಗೆ ಅತ್ತೆ ಕಾಣಲಿಲ್ಲ. ಬಾಲ್ಕನಿಯಿಂದ ನೋಡಿದರೆ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಂಚಿನಲ್ಲಿ ನಿಂತಿದ್ದಾರೆ. ನಾನು ಲಿಫ್ಟಿನಿಂದ ಇಳಿದು ಓಡುವಷ್ಟರಲ್ಲಿ ವಾಪಸು ಬರುತ್ತಿದ್ದರು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಇನ್ನೊಂದನ್ನು ಅಲೆ ಒಯ್ದಿತ್ತು.

ಕೌಂಟರಿನಲ್ಲಿ ವಿಷಯ ಹೇಳಿ, ದುಡ್ಡು ಎಷ್ಟು ಎಂದು ಕೇಳಿದೆವು. ಆ ಹೆಂಗಸಿಗೆ ಚಪ್ಪಲಿಯ ಚಿಂತೆಯೇ ಇರಲಿಲ್ಲ. ಗಾಬರಿಯಿಂದ ಕೇಳಿದ್ದು ಒಂದೇ ಮಾತು, "ಅದನ್ನು ಹಿಡಿಯಲಿಕ್ಕೆ ಅಜ್ಜಿ ನೀರಿಗೆ ಇಳಿಯಲಿಲ್ಲ ತಾನೇ?"