ಮಾಣಿ ಫೈನಲ್ 2

ನನ್ನ ಹೆಸರು ಹಾಳಾಗಿದ್ದು ಕೊಳೆ ರೋಗದಿಂದ. ಅಡಿಕೆಗೆ ಬರುವ ಕೊಳೆ ರೋಗ, ನನಗಲ್ಲ. ನನ್ನನ್ನು ಶಾಲೆಗೆ ಸೇರಿಸಬೇಕಿದ್ದ ಜೂನಿನಲ್ಲಿ ಮಳೆ ಎರಡು ದಿನ ಹೊಳವಾಗಿತ್ತು, ಅಡಿಕೆ ಮರ ಹತ್ತುವ ಕೊನೆಗೌಡ ಸಿಕ್ಕಿದ್ದೇ ಪುಣ್ಯ ಅಂತ ಅಪ್ಪ ಕೊಳೆಯ ಔಷಧಿ ಬೋರ್ಡೋ ಹೊಡೆಸಲು ತೋಟಕ್ಕೆ ಓಡಿದ, ನನ್ನ ಕೈ ಹಿಡಿದು ಶಾಲೆಗೆ ಹೊರಟಿದ್ದು ಅಜ್ಜ. ಅಜ್ಜನಿಗೆ ಕಿವಿ ಮಂದ. ಮೇಷ್ಟ್ರು ‘ಹೆಸರೇನು’ ಅಂದಿದ್ದು ಅವನಿಗೆ ‘ಯಾರಿವನು’ ಅಂತ ಕೇಳಿಸಿರಬೇಕು.

‘ನಮ್ಮನೆ ಮಾಣಿ’ ಅಂದ.

ಮೇಷ್ಟ್ರು ಬರೆದುಕೊಂಡರು. ನಾಮಕರಣದ ದಿನ ಕಿವಿಯಲ್ಲಿ ಹೇಳಿದ ಸುಬ್ರಹ್ಮಣ್ಯ ಅನ್ನುವ ಹೆಸರು ಕಿವಿಯಲ್ಲೇ ಉಳಿಯಿತು.

ಸಾಗರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮಾಣಿ ಅಂದರೆ ಹುಡುಗ, ಅಷ್ಟೇ. ಮನೆಗೆ ಇಬ್ಬರಂತೆ ಮಾಣಿಗಳಿದ್ದ ಊರಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಶಿವಮೊಗ್ಗಕ್ಕೆ ಕಾಲೇಜಿಗೆ ಬಂದ ಮೇಲೆ ಹೋಟೆಲಿನಲ್ಲಿ ಯಾರೋ ‘ಮಾಣೀ, ಎರಡು ಕಾಫಿ’ ಅಂದಾಗಲೆಲ್ಲ ತಿರುಗಿ ನೋಡುವುದು ಶುರುವಾಯಿತು. ಇಂಗ್ಲಿಷಿನಲ್ಲಿ ಬರೆದರೆ ಎಂ, ಎ, ಎನ್, ಐ. ಬ್ಯಾಂಕಿನಲ್ಲಿ ಮಣಿ ಆದೆ. ಆಧಾರ್ ಕಾರ್ಡಿನ ಕನ್ನಡದಲ್ಲಿ ಮನಿ ಅಂತ ಬಂತು. ದುಡ್ಡೂ ಆಯಿತು, ಧಾರವಾಡದ ಕಡೆಯವರಿಗೆ ಮನೆಯೂ ಆಯಿತು. ಎರಡೂ ನನ್ನ ಹತ್ತಿರ ಇರಲಿಲ್ಲ ಅನ್ನುವುದು ಬೇರೆ ಮಾತು. ಅದನ್ನು ಹೋಗಿ ತಿದ್ದಿಸಿದೆ, ಮುಂದೆ ಇದೇ ತಲೆನೋವಾಗುತ್ತೆ ಅಂತ ಗೊತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ಒಂದು ದಿನ ಮಗಳು ತನ್ನ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಓದಿ, ‘ಅಪ್ಪಾ, ನೀನು ಇನ್ನೂ ದೊಡ್ಡವನಾಗಿಲ್ವಾ?’ ಅಂದಳು. ಸರಿ, ಹೆಸರು ಬದಲಾಯಿಸಿಯೇ ಬಿಡುವುದು ಅಂತ ತೀರ್ಮಾನಿಸಿದೆ.

ಕೋರ್ಟಿನ ಎದುರು ಕೂರುವ ಟೈಪಿಸ್ಟ್ ‘ಸುಲಭ ಸಾರ್’ ಅಂದ. ಛಾಪಾ ಕಾಗದದಲ್ಲಿ ಅಫಿಡವಿಟ್, ಅದಕ್ಕೆ ನೋಟರಿ ಸೀಲು, ಎರಡು ಪೇಪರಿನಲ್ಲಿ ಜಾಹೀರಾತು, ಒಂದು ಕನ್ನಡ ಒಂದು ಇಂಗ್ಲಿಷ್, ಆಮೇಲೆ ಗೆಜೆಟ್. ಆಧಾರ್‌ನಲ್ಲಿ ಅಕ್ಷರ ತಿದ್ದುವುದಾದರೆ ಬೇರೆ, ಪೂರ್ತಿ ಹೆಸರೇ ಬದಲಾದರೆ ಗೆಜೆಟ್ ಪ್ರತಿ ಕೇಳುತ್ತಾರೆ. ಅಫಿಡವಿಟ್ಟಿಗೆ 20 ರೂಪಾಯಿ ಇದ್ದ ಛಾಪಾ ಶುಲ್ಕ 2024ರಲ್ಲಿ 100 ಆಗಿದೆ. ‘ಮೊದಲೇ ಮಾಡಿದ್ದರೆ 80 ರೂಪಾಯಿ ಉಳೀತಿತ್ತು’ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

‘ಹೆಸರು ಬದಲಾವಣೆಗೆ ಕಾರಣ?’ ಅಂತ ಕೇಳಿದ. ನಾನು ಕೊಳೆ ರೋಗದಿಂದ ಶುರು ಮಾಡಿ ಕೊನೆಗೌಡ, ಬೋರ್ಡೋ, ಅಜ್ಜನ ಕಿವಿ, ಎಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿ ‘ವೈಯಕ್ತಿಕ’ ಅಂತ ಹೊಡೆದ.

ಮುಂದಿನದು ಎಚ್ ಅಕ್ಷರದ ಕಥೆ. ಸುಬ್ರಹ್ಮಣ್ಯ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಎಚ್ ಬೇಕು ಅಂತ ನನ್ನ ಹಟ. ಅಫಿಡವಿಟ್ಟಿನಲ್ಲಿ ಎಚ್ ಇತ್ತು. ಇಂಗ್ಲಿಷ್ ಪೇಪರಿನಲ್ಲಿ ಹಾರಿಹೋಯಿತು. ಎರಡಕ್ಕೂ ತಾಳೆಯಾಗದೆ ಗೆಜೆಟ್ ಅರ್ಜಿ ವಾಪಸ್ ಬಂತು, ಇನ್ನೊಮ್ಮೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಸಲ ಅವಕಾಶ. ಒಂದನ್ನು ಮನಿಗೆ ಖರ್ಚು ಮಾಡಿಯಾಗಿತ್ತಲ್ಲ! ಹಾಗಾಗಿ ಆ ದಿನ ಆಪರೇಟರ್ ಹುಡುಗಿ ಒಂದೊಂದು ಅಕ್ಷರ ಒತ್ತುವಾಗಲೂ ನಾನು ಉಸಿರು ಹಿಡಿದು ನಿಂತಿದ್ದೆ, ‘ಅಂಕಲ್, ಸ್ವಲ್ಪ ಹಿಂದೆ ಸರೀರಿ’ ಅಂತ ಮೂರು ಸಲ ಬೈಸಿಕೊಂಡೆ. ಎಚ್ ಬಂತು. ಆ ಖುಷಿಯಲ್ಲಿ ಪ್ಯಾನ್ ಅರ್ಜಿ ನಾನೇ ತುಂಬಿದೆ. ಅದರಲ್ಲಿ ನಾನೇ ಎಚ್ ನುಂಗಿದ್ದೆ.

ನಮ್ಮ ಊರಿನದೂ ಇದೇ ಪಾಡು. ಇಂಗ್ಲಿಷಿನ ಶಿಮೊಗಾ ಕಾಗದದ ಮೇಲೆ ಶಿವಮೊಗ್ಗ ಆಗಿದ್ದು 2014ರ ನವೆಂಬರ್ 1ಕ್ಕೆ, ಅದೂ ಬೆಂಗಳೂರು, ಮೈಸೂರು ಎಲ್ಲ ಸೇರಿ 12 ಊರುಗಳ ಗುಂಪಿನಲ್ಲಿ. ಟೌನ್ ಸ್ಟೇಷನ್ನಿನ ರೈಲ್ವೆ ಕೋಡು ಮಾತ್ರ ಇನ್ನೂ ಎಸ್‌ಎಂಇಟಿ. ಟಿಕೆಟ್ ಬುಕ್ ಮಾಡುವಾಗಲೆಲ್ಲ ಅದನ್ನು ನೋಡಿ ನನಗೆ ಏನೋ ಸಮಾಧಾನ. ಹತ್ತನೇ ಕ್ಲಾಸಿನ ಅಂಕಪಟ್ಟಿಯ ತಂಟೆಗೆ ನಾನೂ ಹೋಗಿಲ್ಲ.

ಕೊನೆಗೆ ಬ್ಯಾಂಕಿನವರು, ಮಾಣಿ, ಎಚ್ ಇರುವ ಸುಬ್ರಹ್ಮಣ್ಯ, ಎಚ್ ಇಲ್ಲದ ಸುಬ್ರಹ್ಮಣ್ಯ, ಮೂವರೂ ಒಬ್ಬನೇ ವ್ಯಕ್ತಿ ಅಂತ ಅಫಿಡವಿಟ್ ತನ್ನಿ ಅಂದರು. ಮತ್ತೆ 100 ರೂಪಾಯಿ, ಮತ್ತೆ ಅದೇ ಟೈಪಿಸ್ಟ್. ‘ಹಳೇ ಫೈಲು ಇದೆ ಸಾರ್, ಎರಡು ನಿಮಿಷ’ ಅಂತ ಕಂಪ್ಯೂಟರಿನಲ್ಲಿ ಹುಡುಕಿದ. ಎಸ್ ಅಕ್ಷರದಲ್ಲಿ ಸಿಗಲಿಲ್ಲ. ನಾನು ಬಗ್ಗಿ ನೋಡಿದೆ. ಎಂ ಅಕ್ಷರದ ಸಾಲಿನಲ್ಲಿತ್ತು: ‘ಮಾಣಿ ಫೈನಲ್ 2’.