ದೀಪ ಉರಿಯುತ್ತದೆ, ನೀರು ಕಾಯುವುದಿಲ್ಲ

ಕಲಬುರಗಿಯ ಬಿಸಿಲಿಗೆ ಗೀಜರ್ ಯಾಕೆ ಅಂತ ಬೆಂಗಳೂರಿನ ನೆಂಟರು ನಗುತ್ತಾರೆ. ಡಿಸೆಂಬರ್‌ನಲ್ಲಿ ಬಂದು, ಬೆಳಿಗ್ಗೆ ಎದ್ದು ತಲೆ ಮೇಲೆ ಒಂದು ತಂಬಿಗೆ ತಣ್ಣೀರು ಸುರಿದುಕೊಳ್ಳಲಿ, ಆಮೇಲೆ ಮಾತಾಡೋಣ.

ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತದೆ, ನೀರು ಮಾತ್ರ ಕೊರೆಯುತ್ತದೆ. ರಿಪೇರಿಯವರು ಫೋನಿನಲ್ಲೇ "ಥರ್ಮೋಸ್ಟಾಟ್ ಹೋಗಿದೆ ಸರ್" ಅಂದರು. ನೋಡದೇನೇ! ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವ ಭಾಗ. ಬಂದು ಅದನ್ನೇ ಬದಲಿಸಿ ದುಡ್ಡು ತಗೊಂಡು ಹೋದರು. ನಮ್ಮ ಗೀಜರಿನಲ್ಲಿ ಆ ದೀಪ ಉರಿಯುವುದೇ ಥರ್ಮೋಸ್ಟಾಟ್ ದಾಟಿ ಬಂದ ಕರೆಂಟಿನಿಂದ. ಅಂದರೆ ಅದು ಸರಿ ಇದೆ ಅಂತಲ್ವಾ?

ಬೇರೆಯವರನ್ನು ಕರೆಸಿದೆ. ಮೇನ್ ಆಫ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ನೀರು ಕಾಯಿಸುವ ಕಾಯಿಲ್ ಹೊರಗೆಳೆದರು. ಸುತ್ತಲೂ ಬೆರಳು ದಪ್ಪ ಬಿಳಿ ಸುಣ್ಣ, ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಬೋರ್‌ವೆಲ್‌ನ ಗಡಸು ನೀರಿನ ಕೆಲಸ. ಸುಣ್ಣ ಕಟ್ಟಿದರೆ ಕಾವು ನೀರಿಗೆ ಇಳಿಯುವುದಿಲ್ಲ, ಕಾಯಿಲೇ ಸುಟ್ಟುಹೋಗುತ್ತದೆ. 2000 ವಾಟ್‌ನ ಒಳ್ಳೇ ಕಾಯಿಲ್ ಮೀಟರಿನಲ್ಲಿ ಸುಮಾರು 26 ಓಮ್ ತೋರಿಸಬೇಕು. ನಮ್ಮದರಲ್ಲಿ ಮುಳ್ಳು ಅಲುಗಲೇ ಇಲ್ಲ, ಅಂದರೆ ಕಾಯಿಲ್ ಒಳಗೇ ಕಡಿದುಹೋಗಿತ್ತು. ಮೊದಲಿನವರಿಗೆ ಇದನ್ನು ನೋಡೋಕೆ ಎಷ್ಟು ಹೊತ್ತು ಬೇಕಿತ್ತು?

ಹೊಸ ಕಾಯಿಲ್ ಹಾಕಿಸಿದ್ದಾಯಿತು. ಮೊದಲಿನವರು ಈಗ ಫೋನೇ ಎತ್ತುತ್ತಿಲ್ಲ. ಚೆನ್ನಾಗಿದ್ದ ಹಳೇ ಥರ್ಮೋಸ್ಟಾಟನ್ನೂ ಸುಮ್ನೆ ಜೇಬಿಗೆ ಹಾಕ್ಕೊಂಡು ಹೋಗಿದ್ದಾರೆ. ಯಾರ ಮನೆಗೆ ಹೊಸದು ಅಂತ ಹಾಕಿದ್ದಾರೋ!