ಕುದುರೆಗೆ ಬರೀ ಗಂಜಿ ಸಾಲದು: ಒಂದು ಸ್ಪಷ್ಟನೆ

ಬೇಸಿಗೆಯಲ್ಲಿ ಹೊಟ್ಟೆಶೂಲೆ ಬಾರದಂತೆ ಕುದುರೆಗೆ ಹುಲ್ಲು ನಿಲ್ಲಿಸಿ ಬರೀ ರಾಗಿ ಗಂಜಿ ಕುಡಿಸಬೇಕೆಂಬ ಸಂದೇಶ ಬೆಂಗಳೂರಿನ ಕುದುರೆ ಸಾಕುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಮೂಗಿನ ನಳಿಕೆಯಿಂದ ಇಳಿಸುವ ದ್ರವಾಹಾರ, ಮೇಯಲಾಗದ ಕುದುರೆಗೆ ಪಶುವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುವಂಥದ್ದು. ಆರೋಗ್ಯವಂತ ವಯಸ್ಕ ಕುದುರೆಗಳೂ ಅದನ್ನು ಕೆಲದಿನ ತಾಳಿಕೊಳ್ಳಬಲ್ಲವಾದರೂ ತೂಕ ಇಳಿಯಬಹುದು, ಲದ್ದಿ ತೆಳುವಾಗಬಹುದು.

ಕುದುರೆಯ ಜಠರದಲ್ಲಿ ಆಮ್ಲ ಹಗಲಿರುಳೂ ಸ್ರವಿಸುತ್ತಲೇ ಇರುತ್ತದೆ, ಅದನ್ನು ಶಮನಗೊಳಿಸುವ ಜೊಲ್ಲು ಹೆಚ್ಚಾಗಿ ಊರುವುದು ಅಗಿಯುವಾಗ. ಆದ್ದರಿಂದ ಹುಲ್ಲಿಲ್ಲದೆ ಕಟ್ಟಿದ ಕುದುರೆಗೆ ಜಠರದ ಹುಣ್ಣಿನ ಅಪಾಯ ಹೆಚ್ಚು, ಅಗಿಯಲು ಏನೂ ಸಿಗದೆ ಅದು ಲಾಯದ ಮರದ ಪಟ್ಟಿಯನ್ನೇ ಕಡಿಯತೊಡಗುತ್ತದೆ. ನಾರನ್ನು ಹುದುಗಿಸುವ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೂ ಆಹಾರವಿಲ್ಲದಾಗುತ್ತದೆ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣಹುಲ್ಲಾದರೂ ಬೇಕು. ಬಲವಂತವಾಗಿ ಬಾಯಿಗೆ ಸುರಿದ ಗಂಜಿ ಶ್ವಾಸಕೋಶಕ್ಕಿಳಿದರಂತೂ ಪ್ರಾಣಕ್ಕೇ ಸಂಚಕಾರ.